ಗೀರು ಎಲ್ಲಿಗೆ ಹೋಗುತ್ತದೆ?

ಹೊಸ ಕಾರು ಮನೆಗೆ ಬಂದ ದಿನ ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ ಬರೆದು, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಆರು ತಿಂಗಳವರೆಗೆ ತೆಗೆಯದೆ ಕಾಪಾಡುವ ಸಂಸಾರಗಳು ಬೇಕಾದಷ್ಟಿವೆ. ಇಷ್ಟೆಲ್ಲ ಮಾಡಿದರೂ ಮೊದಲ ಗೀರು ಬಿದ್ದೇ ಬೀಳುತ್ತದೆ. ಯಾರದೋ ಸೈಕಲ್ಲಿನ ಹ್ಯಾಂಡಲ್ಲೋ, ಪಕ್ಕದ ಮನೆ ಹುಡುಗನ ಕ್ರಿಕೆಟ್ ಬ್ಯಾಟೋ ಅದಕ್ಕೆ ಕಾರಣವಾಗುತ್ತದೆ. ಆ ದಿನ ಮನೆಯಲ್ಲಿ ಊಟ ರುಚಿಸುವುದಿಲ್ಲ. ಎರಡನೆಯ ಗೀರಿಗೆ ಅಷ್ಟು ಸಂಕಟವಿಲ್ಲ. ಹತ್ತನೆಯದು ಬೀಳುವ ಹೊತ್ತಿಗೆ ಮನಸ್ಸೂ ಒಗ್ಗಿರುತ್ತದೆ.

ಆದರೆ ಬಿದ್ದದ್ದು ಯಾವಾಗ ಎಂದೇ ತಿಳಿಯದ ಇನ್ನೊಂದು ಜಾತಿಯ ಗೀರುಗಳಿವೆ. ನೆರಳಿನಲ್ಲಿ ಅವು ಕಾಣುವುದಿಲ್ಲ. ಬಿಸಿಲಿಗೋ ಬೀದಿದೀಪದ ಕೆಳಗೋ ಕಾರು ನಿಲ್ಲಿಸಿದಾಗ, ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸುತ್ತುಸುತ್ತಾಗಿ ಹೊಳೆಯುತ್ತವೆ. ಕಪ್ಪು, ಕಡುನೀಲಿ ಕಾರುಗಳಲ್ಲಿ ಎದ್ದು ಕಾಣುತ್ತವೆ. ಬಿಳಿ ಕಾರಿನಲ್ಲೂ ಇರುತ್ತವೆ, ತೋರುವುದಿಲ್ಲ ಅಷ್ಟೆ. ಪಾಲಿಷ್ ಅಂಗಡಿಯವರು ಇವನ್ನು ಸ್ವರ್ಲ್ ಎನ್ನುತ್ತಾರೆ. ಸುಳಿಗೀರು ಎನ್ನಲು ಅಡ್ಡಿಯಿಲ್ಲ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಈ ಸುಳಿಗೀರುಗಳಿಂದಾಗಿ ಒಂದು ಬೆಳಿಗ್ಗೆ ದೊಡ್ಡ ಮಾತುಕತೆಯೇ ನಡೆದುಹೋಯಿತು. ಮೂರನೇ ಮಹಡಿಯ ಯಜಮಾನರದು ಎರಡು ವರ್ಷದ ಕಪ್ಪು ಕಾರು. ಸಾಲದ ಕಂತು ಇನ್ನೂ ಮುಗಿದಿಲ್ಲ. ಬೇಸ್‌ಮೆಂಟಿನ ಟ್ಯೂಬ್‌ಲೈಟಿನಲ್ಲಿ ಎಂದೂ ಕಾಣದ ಬಲೆ ಆ ದಿನ ಹೊರಗಿನ ಎಳೆಬಿಸಿಲಿನಲ್ಲಿ ಬಾನೆಟ್ಟಿನ ತುಂಬ ಕಂಡಿತು. ಕಾರು ಒರೆಸುವ ಹುಡುಗನನ್ನು ಕೂಗಿ ಕರೆದರು. ಅವನು ರಾಯಚೂರಿನ ಕಡೆಯವನು. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಇಪ್ಪತ್ತೆರಡು ಕಾರು ಒರೆಸಿ, ಹಗಲು ಒಂದು ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾನೆ.

“ಏನಪ್ಪಾ ಇದು? ದೋಸೆ ಹುಯ್ದ ಹಾಗೆ ಗುಂಡುಗುಂಡಾಗಿ ತಿಕ್ಕಿದ್ದೀಯಲ್ಲ!” ಎಂದರು ಯಜಮಾನರು.

“ನಾ ಸುತ್ತ ಒರೆಸಂಗಿಲ್ಲ ಸರ. ಉದ್ದಕ್ಕ ಒರೆಸ್ತೀನಿ.”

“ಕಣ್ಣಿಗೆ ಕಾಣ್ತಾ ಇದೆಯಲ್ಲಯ್ಯ! ಈ ತಿಂಗಳು ಇನ್ನೂರು ರೂಪಾಯಿ ಹಿಡಿದುಕೊಳ್ಳುತ್ತೇನೆ, ಆಗ ಗೊತ್ತಾಗುತ್ತೆ.”

ಹುಡುಗ ಮಾತು ಬೆಳೆಸಲಿಲ್ಲ. ಇನ್ನೂರು ರೂಪಾಯಿ ಅವನ ಬಸ್ಸಿನ ಖರ್ಚು.

ಯಜಮಾನರ ಮಗಳು ಎರಡನೇ ಪಿಯುಸಿ ವಿಜ್ಞಾನ ಓದುತ್ತಾಳೆ. ಬೆಳಕಿನ ಪಾಠ ಆಗಷ್ಟೇ ಮುಗಿದಿತ್ತು. ಅವಳಿಗೆ ಅಪ್ಪನ ವಾದದಲ್ಲಿ ಏನೋ ತಪ್ಪಿದೆ ಎನ್ನಿಸಿತು. ಬಾನೆಟ್ಟಿನ ಎದುರು ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿದಳು. ಅವಳು ಸರಿದಂತೆ ಸೂರ್ಯನ ಬಿಂಬವೂ ಸರಿಯಿತು. ಬಿಂಬದ ಜೊತೆಗೇ ಆ ಸುತ್ತುಗಳೂ ಸರಿದವು! ಬಣ್ಣದ ಮೇಲೆ ನಿಜಕ್ಕೂ ಸುತ್ತು ಕೊರೆದಿದ್ದರೆ ಅದು ಇದ್ದಲ್ಲೇ ಇರಬೇಕಿತ್ತು, ನೋಡುವವರ ಹಿಂದೆ ಓಡಬಾರದಿತ್ತು.

ಈ ಪರೀಕ್ಷೆಗೆ ಕಾರೇ ಬೇಕೆಂದಿಲ್ಲ. ನಾಲ್ಕಾರು ವರ್ಷ ಬಳಸಿದ ಸ್ಟೀಲ್ ತಟ್ಟೆಯನ್ನು ಒಂದೇ ಒಂದು ಬಲ್ಬಿನ ಕೆಳಗೆ ಹಿಡಿದರೆ ಸಾಕು. ಬಲ್ಬಿನ ಬಿಂಬದ ಸುತ್ತ ಅದೇ ಬಲೆ ಕಾಣುತ್ತದೆ. ತಟ್ಟೆ ಅಲುಗಿಸಿದರೆ ಬಲೆಯೂ ಬಿಂಬವನ್ನು ಹಿಂಬಾಲಿಸುತ್ತದೆ. ತಟ್ಟೆಯ ಮೇಲಿರುವುದು ದಿಕ್ಕುದೆಸೆಯಿಲ್ಲದ ಸಾವಿರಾರು ಸಣ್ಣ ಗೀರುಗಳು. ಅವುಗಳಲ್ಲಿ ದೀಪದ ಬಿಂಬದಿಂದ ಎಳೆದ ಗೆರೆಗೆ ಅಡ್ಡಲಾಗಿ ಬಿದ್ದಿರುವ ಗೀರುಗಳು ಮಾತ್ರ ಬೆಳಕನ್ನು ಕಣ್ಣಿನ ಕಡೆ ತಿರುಗಿಸುತ್ತವೆ. ಉಳಿದವು ಬೇರೆ ಕಡೆ ಚೆಲ್ಲಿಬಿಡುತ್ತವೆ, ಇದ್ದರೂ ಕಾಣುವುದಿಲ್ಲ. ಬಿಂಬದ ಎಡ, ಬಲ, ಮೇಲೆ, ಕೆಳಗೆ ಎಲ್ಲ ಕಡೆಯೂ ಅಡ್ಡ ಬಿದ್ದವು ಮಾತ್ರ ಮಿನುಗಿದಾಗ ಅವೆಲ್ಲ ಸೇರಿ ವೃತ್ತದಂತೆ ತೋರುತ್ತವೆ. ಚಳಿಗಾಲದಲ್ಲಿ ಎಲೆ ಉದುರಿದ ಮರದ ಹಿಂದೆ ಬೀದಿದೀಪ ಉರಿಯುತ್ತಿದ್ದರೆ, ಕೊಂಬೆರೆಂಬೆಗಳೆಲ್ಲ ದೀಪವನ್ನು ಸುತ್ತಿಕೊಂಡಂತೆ ಕಾಣುವುದೂ ಇದೇ ಕಾರಣಕ್ಕೆ. ಮರ ಹಾಗೆ ಬೆಳೆದಿರುವುದಿಲ್ಲ.

“ಅಪ್ಪಾ, ಅವನು ಒಂದು ದಿನ ಉದ್ದಕ್ಕೆ ಒರೆಸಿರುತ್ತಾನೆ, ಇನ್ನೊಂದು ದಿನ ಅಡ್ಡಕ್ಕೆ. ಎಲ್ಲ ದಿಕ್ಕಿಗೂ ಗೀರು ಬಿದ್ದಮೇಲೆ ಹೀಗೆಯೇ ಕಾಣುವುದು. ಗುಂಡಗೆ ತಿಕ್ಕಿದ್ದಾನೆ ಅನ್ನುವುದಕ್ಕೆ ಇದು ಸಾಕ್ಷಿಯಲ್ಲ,” ಎಂದಳು ಮಗಳು. ಅಡುಗೆಮನೆಯಿಂದ ತಂದ ತಟ್ಟೆಯನ್ನೂ ತೋರಿಸಿದಳು.

ಯಜಮಾನರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಸರಿ, ಗುಂಡಗಲ್ಲ. ಗೀರು ಹಾಕಿದವನು ಅವನೇ ತಾನೆ?” ಎಂದರು. ಮೇಲ್ನೋಟಕ್ಕೆ ಒಪ್ಪುವಂಥ ಪ್ರಶ್ನೆಯೇ.

ಬಟ್ಟೆ ಎಷ್ಟೇ ಮೃದುವಾಗಿದ್ದರೂ ಗೀರುವುದು ಅದರ ಮಡಿಕೆಯಲ್ಲಿ ಸಿಕ್ಕಿಕೊಂಡ ಧೂಳು. ಬೆಂಗಳೂರಿನ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ನೈಸ್ ಮತ್ತು ಗ್ರಾನೈಟ್ ಶಿಲೆ. ಲಾಲ್‌ಬಾಗಿನ ಗುಡ್ಡದ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಈ ಶಿಲೆಗಳಲ್ಲಿ ಬೆಣಚುಕಲ್ಲಿನ ಹರಳು ಧಾರಾಳ. ಶಿಲೆ ಸವೆದು ಮಣ್ಣಾದರೂ ಆ ಹರಳು ಮಾತ್ರ ಹಟದಿಂದ ಹಾಗೇ ಉಳಿಯುತ್ತದೆ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಷ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪನದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಚಾಕುವಿನ ಉಕ್ಕಿಗೆ ಐದೂವರೆಯ ಆಸುಪಾಸು, ಮನುಷ್ಯನ ಉಗುರಿಗೆ ಎರಡೂವರೆ. ಚಾಕುವನ್ನೇ ಗೀರಬಲ್ಲ ಕಣ ಕಾರಿನ ಮೇಲಿನ ಪ್ಲಾಸ್ಟಿಕ್ಕಿನಂಥ ಲೇಪವನ್ನು ಬಿಟ್ಟೀತೇ? ಮೆಟ್ರೋ ಕಾಮಗಾರಿ ನಡೆಯುವ ರಸ್ತೆಯ ಪಕ್ಕ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಒಣಬಟ್ಟೆಯಿಂದ ಒರೆಸುವುದೆಂದರೆ ಅತಿ ನಯವಾದ ಉಪ್ಪುಕಾಗದದಲ್ಲಿ ಉಜ್ಜಿದಂತೆಯೇ.

ಹಾಗಾದರೆ ಹುಡುಗ ಒಣಬಟ್ಟೆಯಲ್ಲಿ ಏಕೆ ಒರೆಸುತ್ತಾನೆ? ನೀರು ಕೊಡುವವರಿಲ್ಲ, ಅದಕ್ಕೆ. 2024ರ ಮಾರ್ಚಿನಲ್ಲಿ ನಗರಕ್ಕೆ ನೀರಿನ ಬರ ಬಂದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತು. ಆದೇಶ ನ್ಯಾಯವಾದದ್ದೇ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರ ಎದುರು ಪೈಪಿನಲ್ಲಿ ಕಾರಿಗೆ ಅಭಿಷೇಕ ಮಾಡುವುದು ಚೆನ್ನಾಗಿರುವುದಿಲ್ಲ. ಅಂದು ಈ ಅಪಾರ್ಟ್‌ಮೆಂಟಿನ ಸಂಘದವರೂ ಬೇಸ್‌ಮೆಂಟಿನ ನಲ್ಲಿಗೆ ಬೀಗ ಹಾಕಿದರು. ಆಮೇಲೆ ಮಳೆ ಬಂತು. ಬೀಗ ಮಾತ್ರ ಹಾಗೇ ಇದೆ. ಸೆಕ್ಯುರಿಟಿಯವನ ಕೃಪೆಯಿಂದ ಹುಡುಗನಿಗೆ ದಿನಕ್ಕೆ ಒಂದು ಬಕೆಟ್ ನೀರು ಸಿಗುತ್ತದೆ. ಒಂದು ಬಕೆಟ್, ಎರಡು ಬಟ್ಟೆ, ಇಪ್ಪತ್ತೆರಡು ಕಾರು. ಮೊದಲ ಕಾರಿನ ಮಣ್ಣು ಎರಡನೆಯದಕ್ಕೆ, ಎರಡನೆಯದರ ಮಣ್ಣು ಮೂರನೆಯದಕ್ಕೆ. ಕಪ್ಪು ಕಾರಿನ ಸರದಿ ಹದಿನೇಳನೆಯದು.

ಬಂದ ಭಾನುವಾರ ಅಪ್ಪ, ಮಗಳು ಕಾರನ್ನು ಒಂದು ಪಾಲಿಷ್ ಅಂಗಡಿಗೆ ಒಯ್ದರು. ಟಿಂಕರಿಂಗ್, ಪೇಂಟಿಂಗ್ ಮಾಡಿ ಮಾಡಿ ಪಳಗಿದ ಹಳೆಯ ಮೇಸ್ತ್ರಿಯ ಅಂಗಡಿ ಅದು. “ಗೀರೆಲ್ಲ ಪೂರ್ತಿ ಹೋಗಬೇಕು, ಒಂದೂ ಉಳಿಯಬಾರದು,” ಎಂದರು ಯಜಮಾನರು.

ಮೇಸ್ತ್ರಿ ನಕ್ಕರು. “ಗೀರು ಎಲ್ಲೂ ಹೋಗಲ್ಲ ಸಾರ್. ಅದು ಹಳ್ಳ. ಹಳ್ಳ ತುಂಬೋಕೆ ಆಗಲ್ಲ, ಸುತ್ತ ಇರೋ ದಿಣ್ಣೆ ಇಳಿಸ್ತೀವಿ ಅಷ್ಟೆ.”

ಕಾರಿನ ಬಣ್ಣ ಎಂದಾಗ ಹೆಚ್ಚಿನವರು ಒಂದೇ ಪದರ ಎಂದುಕೊಳ್ಳುತ್ತಾರೆ. ಈಗಿನ ಕಾರುಗಳಲ್ಲಿ ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್‌ಕೋಟ್ ಇರುತ್ತದೆ. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಕ್ಲಿಯರ್‌ಕೋಟ್ ಒಂದೇ ಸುಮಾರು 40 ಮೈಕ್ರಾನ್, ತಲೆಗೂದಲಿಗಿಂತ ತೆಳು. ಸುಳಿಗೀರುಗಳು ಇರುವುದು ಈ ಪದರದ ಮೇಲ್ಮೈಯಲ್ಲಿ. ಪಾಲಿಷ್ ಮಾಡುವುದೆಂದರೆ ಗೀರಿನ ತಳದವರೆಗೆ, ಅಥವಾ ಅದರ ಹತ್ತಿರದವರೆಗೆ, ಸುತ್ತಲಿನ ಒಳ್ಳೆಯ ಲೇಪವನ್ನು ಸವೆಸುವುದು. ಕಾಂಪೌಂಡಿನಲ್ಲಿರುವ ಪುಡಿ ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡ್. ಮೋಸ್ ಮಾಪನದಲ್ಲಿ ಅದು 9. ಧೂಳು ಅಡ್ಡಾದಿಡ್ಡಿ ಗೀರುತ್ತದೆ. ಈ ಪುಡಿ ಅಷ್ಟೇ ಕೆಲಸವನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಎಲ್ಲ ಕಡೆ ಸಮನಾಗಿ ಮಾಡುತ್ತದೆ.

ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದವರಿಗೆ ಇದು ಕಣ್ಣಾರೆ ಗೊತ್ತಿತ್ತು. ಅವುಗಳಲ್ಲಿ ಮೇಲಿನ ಪಾರದರ್ಶಕ ಪದರ ಇರಲಿಲ್ಲ. ಕಾಂಪೌಂಡ್ ಹಚ್ಚಿ ತಿಕ್ಕಿದರೆ ಬಟ್ಟೆಗೆ ಕಾರಿನ ಬಣ್ಣವೇ ಅಂಟುತ್ತಿತ್ತು. ಎಷ್ಟು ತಿಕ್ಕಿದೆವೋ ಅಷ್ಟು ಕಳೆದುಕೊಂಡೆವು ಎಂಬ ಲೆಕ್ಕ ಕೈಯಲ್ಲೇ ಕಾಣುತ್ತಿತ್ತು. ಪೇಂಟರುಗಳ ಬಾಯಲ್ಲಿ ಇನ್ನೂ ಉಳಿದಿರುವ ‘ಡ್ಯೂಕೋ’ ಎಂಬ ಮಾತು ಅದಕ್ಕಿಂತ ಹಳೆಯದು. ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ತಂದ, ಬೇಗ ಒಣಗುವ ಬಣ್ಣದ ಹೆಸರು ಅದು. ಅದಕ್ಕೆ ಮೊದಲು ಬ್ರಷ್ಷಿನಲ್ಲಿ ಬಳಿದು ಒಣಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತಂತೆ. ಈಗಿನ ಕ್ಲಿಯರ್‌ಕೋಟ್ ಸವೆದರೂ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಆದ್ದರಿಂದಲೇ ಏನೂ ಸವೆದಿಲ್ಲ ಎಂಬ ಭ್ರಮೆ.

ಮೇಸ್ತ್ರಿ ಅಂಗೈಯಗಲದ ಒಂದು ಮೀಟರನ್ನು ಬಾನೆಟ್ಟಿಗೆ ಒತ್ತಿದರು. ಉಕ್ಕಿನ ತಗಡು ಎಷ್ಟು ಕೆಳಗಿದೆ ಎಂದು ಕಾಂತದ ಗುಣದಿಂದ ತಿಳಿದು ಹೇಳುವ ಉಪಕರಣವದು. 114 ಎಂದು ತೋರಿಸಿತು. “ಇದು ಎಲ್ಲಾ ಪದರ ಸೇರಿ. ಮೇಲಿನದು ಒಂದೇ ಎಷ್ಟಿದೆ ಅಂತ ಇದು ಹೇಳಲ್ಲ. ಅದಕ್ಕೇ ಹೆದರಿಕೊಂಡೇ ಕೆಲಸ ಮಾಡಬೇಕು,” ಎಂದರು.

ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಜೋರಾದ ಕಾಂಪೌಂಡಿನಲ್ಲಿ ಒಂದು ಸಲಕ್ಕೆ ಮೂರುನಾಲ್ಕು ಮೈಕ್ರಾನ್ ಹೋದರೆ, ಪ್ರತಿ ಆಯುಧಪೂಜೆಗೂ ‘ಫುಲ್ ಬಫಿಂಗ್’ ಮಾಡಿಸುವವರ ಕಾರು ಹತ್ತುಹನ್ನೆರಡು ವರ್ಷಕ್ಕೆ ಬರಿಮೈ. ಅಷ್ಟು ದಿನವೂ ಬೇಕಾಗಿಲ್ಲ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದು ಈ ಪದರವೇ. ಕಾಲು ಭಾಗ ತೆಳುವಾದರೂ ಅದರ ಆಯುಸ್ಸು ಮೊಟಕಾಗುತ್ತದೆ. ಕೆಲವು ಹಳೆಯ ಕಾರುಗಳ ಟಾಪು, ಬಾನೆಟ್ಟು ಬಿಳಿಚಿಕೊಂಡು, ಬಿಸಿಲಿಗೆ ಸುಲಿದ ಚರ್ಮದಂತೆ ಪೊರೆ ಏಳುವುದನ್ನು ಎಲ್ಲರೂ ನೋಡಿರುತ್ತಾರೆ. ಅಲ್ಲಿ ಮತ್ತೆ ಪಾಲಿಷ್ ಮಾಡಲು ಏನೂ ಉಳಿದಿರುವುದಿಲ್ಲ. ಹೊಸದಾಗಿ ಬಣ್ಣ ಹೊಡೆಸಬೇಕು.

ಯಾವ ಗೀರು ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ತಿಳಿಯಲು ಉಗುರೇ ಸಾಕು. ಗೀರಿನ ಮೇಲೆ ಅಡ್ಡಲಾಗಿ ಹಗುರಾಗಿ ಎಳೆದಾಗ ಉಗುರು ತಡೆಯದಿದ್ದರೆ ಪಾಲಿಷ್‌ಗೆ ಬಗ್ಗುವ ಸಾಧ್ಯತೆ ಹೆಚ್ಚು. ತಡೆದರೆ ಅದನ್ನು ಬಿಡುವುದು ಕ್ಷೇಮ. ಹಿಂಬಾಗಿಲ ಮೇಲೆ ಅಂಥದೊಂದು ಉದ್ದ ಗೀರಿತ್ತು, ಯಾರೋ ಕೀಲಿಯಲ್ಲಿ ಎಳೆದದ್ದು. ಬಂಪರಿನ ಮೂಲೆಯಲ್ಲಿ ಬಿಳಿಯ ಪಟ್ಟೆಯೊಂದಿತ್ತು. ಯಜಮಾನರು ಅದನ್ನೇ ದೊಡ್ಡ ಗಾಯ ಎಂದುಕೊಂಡಿದ್ದರು. ಮೇಸ್ತ್ರಿ ಬಟ್ಟೆಗೆ ಚೂರು ಪಾಲಿಷ್ ಹಚ್ಚಿ ಬೆರಳಲ್ಲಿ ತಿಕ್ಕಿದರೆ ಮುಕ್ಕಾಲು ಪಾಲು ಮಾಯ! ಅದು ಬೇರೆ ಕಾರಿನ ಬಣ್ಣ ಅಂಟಿದ್ದೇ ಹೊರತು ಈ ಕಾರಿನ ಗೀರಲ್ಲ. ಇಂಥದಕ್ಕೆ ಮನೆಯಲ್ಲಿ ಕೆಲವರು ಹಲ್ಲುಜ್ಜುವ ಪೇಸ್ಟ್ ಹಚ್ಚುವುದುಂಟು. ಪೇಸ್ಟಿನಲ್ಲೂ ಉಜ್ಜುವ ಪುಡಿ ಇರುವುದರಿಂದ ಸ್ವಲ್ಪ ಕೆಲಸ ಮಾಡುತ್ತದೆ. ಬಣ್ಣಕ್ಕೆಂದು ಮಾಡಿದ್ದಲ್ಲವಾದ್ದರಿಂದ ಮಸುಕನ್ನೂ ಬಿಟ್ಟುಹೋಗಬಹುದು.

ಇನ್ನು ಕೈಯೋ ಯಂತ್ರವೋ ಎಂಬ ಪ್ರಶ್ನೆ. ಕೈಯಲ್ಲಿ ತಿಕ್ಕಿದರೆ ಬಾನೆಟ್ಟೊಂದಕ್ಕೇ ತೋಳು ಸೋತುಹೋಗುತ್ತದೆ, ಮತ್ತು ಒತ್ತಡ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ. ಆದರೂ ಬಾಗಿಲ ಹಿಡಿಯ ಹಿಂದಿನ ಗುಳಿಯಲ್ಲಿ, ಉಂಗುರ, ಉಗುರು ತಾಗಿ ತಾಗಿ ಗೀರಾಗುವ ಜಾಗದಲ್ಲಿ, ಕೈಯೇ ಗತಿ. ಯಂತ್ರಗಳಲ್ಲಿ ಎರಡು ಬಗೆ. ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುವ ರೋಟರಿ ಬೇಗ ಕೊರೆಯುತ್ತದೆ, ಬೇಗ ಕಾಯುತ್ತದೆ. ಚನ್ನಪಟ್ಟಣದ ಗೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ, ಆ ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುವುದನ್ನು ನೋಡಿದವರಿಗೆ ಈ ಶಾಖದ ಬಗ್ಗೆ ಹೇಳಬೇಕಾಗಿಲ್ಲ. ಗೊಂಬೆಗೆ ಬೇಕಾದ ಕಾವು ಕಾರಿನ ಬಣ್ಣಕ್ಕೆ ಶತ್ರು. ಒಂದೇ ಜಾಗದಲ್ಲಿ ನಾಲ್ಕು ಕ್ಷಣ ಹೆಚ್ಚು ನಿಂತರೆ ಲೇಪ ಸುಟ್ಟೇ ಹೋಗುತ್ತದೆ. ಕಲಿಯದ ಕೈಯಲ್ಲಿ ಹೋಳಿಗೆಯ ಅಂಚಿನಂತೆ ಅಲೆ ಅಲೆಯಾದ ಹೊಸ ಗುರುತುಗಳನ್ನೂ ಮೂಡಿಸುತ್ತದೆ. ಎರಡನೆಯ ಬಗೆಯ ಯಂತ್ರದಲ್ಲಿ ಪ್ಯಾಡು ತನ್ನ ಸುತ್ತ ತಿರುಗುತ್ತಲೇ ಸಣ್ಣ ಕಕ್ಷೆಯಲ್ಲೂ ಓಲಾಡುತ್ತದೆ, ಭೂಮಿ ತಾನೂ ತಿರುಗಿ ಸೂರ್ಯನನ್ನೂ ಸುತ್ತುವ ಹಾಗೆ. ಕಾವು ಹಂಚಿಹೋಗುತ್ತದೆ. ನಿಧಾನ, ಆದರೆ ಹೊಸಬರಿಗೂ ಕ್ಷಮೆ ಉಂಟು.

ಮೇಸ್ತ್ರಿ ಮೊದಲು ಬಾಗಿಲ ಅಂಚು, ಬಾನೆಟ್ಟಿನ ಏಣುಗಳ ಮೇಲೆ ಕಾಗದದ ಟೇಪು ಅಂಟಿಸಿದರು. ಬಣ್ಣ ಹಸಿಯಾಗಿದ್ದಾಗ ಚೂಪಾದ ಏಣಿನಿಂದ ಎರಡೂ ಕಡೆಗೆ ಜಾರಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಪದರ ಯಾವಾಗಲೂ ತೆಳು. ಯಂತ್ರ ಬಣ್ಣ ತಿನ್ನುವುದು ಮೊದಲು ಅಲ್ಲೇ. ಅನಂತರ ಎರಡು ಗೇಣು ಜಾಗದಲ್ಲಿ ಅತಿ ನಯವಾದ ಪಾಲಿಷ್, ಅತಿ ಮೃದುವಾದ ಪ್ಯಾಡಿನಿಂದ ಪರೀಕ್ಷೆ ಮಾಡಿದರು. ಅರ್ಧಕ್ಕರ್ಧ ಗೀರು ಹೋಯಿತು. ಸ್ವಲ್ಪ ಜೋರಾದ ಪಾಲಿಷ್ ಹಾಕಿದಾಗ ಹತ್ತರಲ್ಲಿ ಎಂಟು ಹೋದವು. “ಇಲ್ಲಿಗೆ ನಿಲ್ಲಿಸೋಣ ಸಾರ್. ಮಿಕ್ಕ ಎರಡಕ್ಕೆ ಇನ್ನೂ ಇಳಿಸಿದರೆ ಲೇಪಕ್ಕೆ ನಷ್ಟ.”

“ಆಚೆ ರಸ್ತೆಯ ಅಂಗಡಿಯವರು ನಿಮ್ಮ ಅರ್ಧ ದುಡ್ಡಿಗೆ ನೂರಕ್ಕೆ ನೂರು ತೆಗೆದುಕೊಡುತ್ತೇವೆ ಅಂದರು,” ಎಂದು ಯಜಮಾನರು ತಮ್ಮ ಅಸ್ತ್ರ ಬಿಟ್ಟರು.

ಮೇಸ್ತ್ರಿ ಬೇಸರಿಸಲಿಲ್ಲ. ಎಣ್ಣೆ, ಮೇಣ ತುಂಬಿದ ಪಾಲಿಷ್ ಬಳಿದರೆ ಗೀರು ಮುಚ್ಚಿಹೋಗುತ್ತದೆ, ಅರ್ಧ ಗಂಟೆಯ ಕೆಲಸ, ನಾಲ್ಕಾರು ಸಲ ತೊಳೆದಮೇಲೆ ಮತ್ತೆ ಹಾಜರ್ ಎಂದರು. ಅದೇಕೆ ಹಾಗೆ ಎಂಬುದನ್ನು ಬಚ್ಚಲಮನೆಯ ಕಿಟಕಿಯ ಮಸುಕು ಗಾಜಿನಲ್ಲಿ ಯಾರು ಬೇಕಾದರೂ ನೋಡಬಹುದು. ಅದರ ಒರಟು ಬದಿಗೆ ನೀರು ಸವರಿದರೆ ಆಚೆಯದು ಕಾಣತೊಡಗುತ್ತದೆ. ಸಣ್ಣ ಸಣ್ಣ ಗುಂಡಿಗಳಲ್ಲಿ ಗಾಳಿಯ ಬದಲು ನೀರು ನಿಂತು ಬೆಳಕು ಹೆಚ್ಚು ಚದುರುವುದಿಲ್ಲ. ನೀರು ಆರಿದರೆ ಮತ್ತೆ ಮಸುಕು. ಗೀರಿಗೆ ಎಣ್ಣೆಯೂ ಹೀಗೆಯೇ. ಮುಚ್ಚುವುದೂ ತಪ್ಪಲ್ಲ, ಅದರಿಂದ ಲೇಪವಾದರೂ ಉಳಿಯುತ್ತದೆ. ಮುಚ್ಚಿದ್ದನ್ನು ತೆಗೆದದ್ದು ಎಂದು ಹೇಳಿ ಹಣ ಪಡೆಯುವುದು ಮಾತ್ರ ಮೋಸ. ಪಾಲಿಷ್ ಆದಮೇಲೆ ನೀರು ಬೆರೆಸಿದ ಸ್ಪಿರಿಟ್ಟಿನಿಂದ ಒರೆಸಿ, ಟಾರ್ಚ್ ಹಿಡಿದು ನೋಡಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಮೇಸ್ತ್ರಿ ತಾವಾಗಿಯೇ ಸ್ಪಿರಿಟ್ಟಿನ ಬಾಟಲಿ, ಟಾರ್ಚು ತಂದು ಮಗಳ ಕೈಗೆ ಕೊಟ್ಟರು.

ಬಾನೆಟ್ಟು, ಡಿಕ್ಕಿಯ ಮೇಲ್ಭಾಗ, ಮುಂದಿನ ಎರಡು ಬಾಗಿಲು, ಇಷ್ಟಕ್ಕೇ ಕೆಲಸ ಒಪ್ಪಿಸಿದರು. ಕೀಲಿಯ ಗೀರಿಗೆ ಕಂಪನಿಯ ಬಣ್ಣದ ಸಂಖ್ಯೆ ನೋಡಿ ತಂದ ಟಚಪ್ ಬಣ್ಣವನ್ನು ಸಣ್ಣ ಕುಂಚದಲ್ಲಿ ತುಂಬಿದರು. ತುಕ್ಕು ಹಿಡಿಯುವುದಿಲ್ಲ, ಹತ್ತಿರ ಹೋದರೆ ಈಗಲೂ ಕಾಣುತ್ತದೆ.

ಹೊರಡುವಾಗ ಮೇಸ್ತ್ರಿ ಕೇಳಿದರು: “ದಿನಾ ಯಾರು ಒರೆಸೋದು?” ಯಜಮಾನರು ಹುಡುಗನ ವಿಷಯ, ಬೀಗದ ವಿಷಯ ಎರಡನ್ನೂ ಹೇಳಿದರು. “ಹಂಗಿದ್ರೆ ದಿನಾ ಒರೆಸಬೇಡಿ ಅನ್ನಿ ಸಾರ್. ಧೂಳು ಕೂತಿದ್ದರೆ ಬಣ್ಣಕ್ಕೆ ಏನೂ ಆಗಲ್ಲ, ಎಳೆದಾಡಿದರೇ ಕಷ್ಟ. ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ಕೂಡಲೇ ನೀರಲ್ಲಿ ನೆನೆಸಿ ತೆಗೀರಿ. ವಾರಕ್ಕೆ ಒಂದೇ ಸಲ ಸರಿಯಾಗಿ ಮಾಡಿಸಿ.”

ಹಿಡಿದಿಟ್ಟುಕೊಳ್ಳಬೇಕೆಂದಿದ್ದ ಇನ್ನೂರು ರೂಪಾಯಿ ಒಂದನೇ ತಾರೀಖು ಪೂರ್ತಿ ಸಂಬಳದೊಂದಿಗೆ ಹುಡುಗನ ಕೈ ಸೇರಿತು. ಯಜಮಾನರು ಅದನ್ನು ಮಗಳ ಕೈಯಲ್ಲಿ ಕಳಿಸಿದರು. ಅಪ್ಪಂದಿರು ಹೀಗೆಯೇ. ಜೊತೆಗೆ ನಾಲ್ಕು ಮೈಕ್ರೋಫೈಬರ್ ಬಟ್ಟೆ, ಬಕೆಟ್ ನೀರಿಗೆ ಎರಡು ಮುಚ್ಚಳ ಬೆರೆಸುವ ಜಾರುವ ದ್ರಾವಣದ ಬಾಟಲಿಯೂ ಬಂದವು. ಪೈಪಿನ ಅಗತ್ಯವಿಲ್ಲ. ಏಳೆಂಟು ಲೀಟರಿನಲ್ಲಿ ಒಂದು ಕಾರು ಆಗುತ್ತದೆ, ಬೋರ್‌ವೆಲ್ಲಿನ ಗಡಸು ನೀರಿನ ಬಿಳಿಕಲೆ ಕೂರದಂತೆ ಕೂಡಲೇ ಒರೆಸಿಯೂ ಬಿಡಬಹುದು.

ಮಗಳು ಬಟ್ಟೆ ಮಡಿಸುವುದನ್ನು ತೋರಿಸಿದಳು. ಎರಡು ಸಲ ಮಡಿಸಿದರೆ ಎಂಟು ಮುಖ. ಒಂದು ಮುಖ ಕೊಳೆಯಾದೊಡನೆ ಇನ್ನೊಂದಕ್ಕೆ ತಿರುಗಿಸಬೇಕು. ಟಾಪಿನಿಂದ ಶುರು ಮಾಡಿ ಚಕ್ರದ ಬಳಿಯ ಭಾಗ ಕೊನೆಗೆ. ಮಣ್ಣಾದ ಬಟ್ಟೆ ಮತ್ತೆ ಆ ಬಕೆಟ್ಟಿಗೆ ಅದ್ದಬಾರದು. ನೆಲಕ್ಕೆ ಬಿದ್ದರೆ ಆ ದಿನ ಅದರ ಕೆಲಸ ಮುಗಿಯಿತು. ಹುಡುಗ ಎಲ್ಲವನ್ನೂ ಗಮನವಿಟ್ಟು ಕೇಳಿದ.

“ತಿಳೀತು ಅಕ್ಕಾರ. ಆದ್ರ ಉಳಿದ ಇಪ್ಪತ್ತೊಂದು ಕಾರಿಗೆ ಬಟ್ಟಿ ಯಾರ ಕೊಡ್ತಾರ? ನೀರು?”

ಯಜಮಾನರು ಈ ವಿಷಯವನ್ನು ಸಂಘದ ಸಭೆಯಲ್ಲಿ ಎತ್ತಿದರು. ಬಟ್ಟೆ, ಬಾಟಲಿಗೆ ಮನೆಗಿಷ್ಟು ಎಂದು ಕೂಡಿಸುವುದು, ಕಾರು ಒರೆಸಲು ಮಾತ್ರ ಸಂಸ್ಕರಿಸಿದ ನೀರಿನ ನಲ್ಲಿ ಒಂದನ್ನು ಬಿಡುವುದು, ಹುಡುಗ ದಿನಕ್ಕೆ ನಾಲ್ಕೇ ಕಾರು ಮಾಡಿದರೂ ಸಂಬಳ ಕಡಿಮೆ ಮಾಡದಿರುವುದು. ಸ್ಟೀಲ್ ತಟ್ಟೆಯನ್ನೂ ಒಯ್ದಿದ್ದರು. ಆರು ಮನೆಯವರು ಒಪ್ಪಿದರು. ದಿನಾ ಒರೆಸದಿದ್ದರೆ ಸಂಬಳ ಏಕೆ ಎಂದು ನಾಲ್ವರು ಕೇಳಿದರು. ಉಳಿದವರು ಮುಂದಿನ ಸಭೆಗೆ ನೋಡೋಣ ಎಂದರು. ಸದ್ಯಕ್ಕೆ ಹುಡುಗ ಕಪ್ಪು ಕಾರನ್ನೂ ಒಪ್ಪಿದ ಆರು ಮನೆಗಳ ಕಾರನ್ನೂ ವಾರಕ್ಕೊಮ್ಮೆ ಹೊಸ ಬಗೆಯಲ್ಲಿ ಮಾಡುತ್ತಾನೆ. ಮಿಕ್ಕ ಹದಿನೈದನ್ನು ಎಂದಿನಂತೆ ದಿನಾ ಒಣಬಟ್ಟೆಯಲ್ಲಿ ಒರೆಸುತ್ತಾನೆ, ಏಕೆಂದರೆ ಅವುಗಳ ಯಜಮಾನರಿಗೆ ಬೆಳಿಗ್ಗೆ ಎದ್ದ ಕೂಡಲೇ ಬಾನೆಟ್ಟು ಹೊಳೆಯುತ್ತಿರಬೇಕು.